ಅಪ್ಪ ಮಗನ ಜಂಟಿ ಖಾತೆ

ಕೆ. ಹೊಸಕೋಟೆಯ ಬಸ್‌ಸ್ಟ್ಯಾಂಡಿಗೆ ಎದುರಾಗಿ ಹಗ್ಗ, ಕುಡುಗೋಲು, ಗೊಬ್ಬರ, ಕಾಫಿ ಗಿಡ ಸವರುವ ಕತ್ತಿ ಇವನ್ನೆಲ್ಲ ಮಾರುತ್ತಿದ್ದ ನಂಜುಂಡಯ್ಯನವರಿಗೆ ನ್ಯಾಯ ಹೇಳುವ ಚಟವಿತ್ತು. ಯಾರೂ ಅವರನ್ನು ಕರೆಯುತ್ತಿರಲಿಲ್ಲ, ಅದು ಬೇರೆ ಮಾತು. ಬೇಲಿ ಜಗಳವೋ, ದನ ನುಗ್ಗಿದ ಜಗಳವೋ ಕಿವಿಗೆ ಬಿದ್ದರೆ ಸಾಕು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಅವರು ಹೇಳಿದ ನ್ಯಾಯ ಎರಡು ಕಡೆಯವರಿಗೂ ಹಿಡಿಸುತ್ತಿರಲಿಲ್ಲ. ಇಬ್ಬರೂ ಕೂಡಿಕೊಂಡು ನಂಜುಂಡಯ್ಯನವರನ್ನು ಬೈಯುವ ಸಂಭ್ರಮದಲ್ಲಿ ತಮ್ಮ ಜಗಳವನ್ನು ಮರೆತುಬಿಡುತ್ತಿದ್ದರು. ಹೀಗಾಗಿ ಅವರಿಂದ ಊರಿಗೆ ಉಪಕಾರವೇ ಆಗುತ್ತಿತ್ತು ಎನ್ನಬೇಕು.

ಆ ವರ್ಷ ಕಾಫಿಗೆ ಒಳ್ಳೆಯ ರೇಟು ಬಂದು, ಹೆಂಚಿನ ಮನೆಗಳ ಮೇಲೆಲ್ಲ ಟಿವಿ ಆಂಟೆನಾಗಳು ಎದ್ದಿದ್ದವು. ಸಂಜೆ ಹೊತ್ತು ಜಗಳ ಆಡಬೇಕಾದವರೇ ಟಿವಿ ಮುಂದೆ ಕೂತುಬಿಟ್ಟರೆ ನ್ಯಾಯ ಹೇಳುವವನ ಗತಿಯೇನು? ನಂಜುಂಡಯ್ಯನವರು ಕೈಗೆ ಕೆಲಸವಿಲ್ಲದೆ ಸೊರಗಿದ್ದರು. ಅಂಥ ಹೊತ್ತಿನಲ್ಲಿ, ಒಂದು ಭಾನುವಾರ ಸಂತೆಯ ದಿನ, ಒಂದು ಜಗಳ ತಾನಾಗಿಯೇ ಬಂದು ಅವರ ಅಂಗಡಿಯ ಬೆಂಚಿನ ಮೇಲೆ ಕೂತಿತು.

ಬಂದವರು ಇಬ್ಬರು. ಒಬ್ಬ ಅಂತೋಣಪ್ಪ, ಊರ ಮೇಲಿನ ಎಸ್ಟೇಟಿನ ರೈಟರ್, ಆಳುಗಳ ಹಾಜರಿ ಬರೆಯುವವನು. ಇನ್ನೊಬ್ಬ ಲಾಜರ್, ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಮೆಷಿನ್ನು ನೋಡಿಕೊಳ್ಳುವವನು. ಒಂದೇ ಲೈನಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಮೊದಲು ಇಬ್ಬರೂ ಒಂದೇ ಬಸ್ಸು ಹತ್ತಿ ಸಕಲೇಶಪುರದ ಚರ್ಚಿಗೆ ಹೋಗಿಬರುತ್ತಿದ್ದರು. ಈಚೆಗೆ ಲಾಜರ್ ಆಲೂರಿನಲ್ಲಿ ಯಾರದೋ ಮನೆಯಲ್ಲಿ ಬೈಬಲ್ ಓದಲು ಸೇರುವ ಗುಂಪಿಗೆ ಹೋಗತೊಡಗಿ, ಬರುವಾಗ ಒಂದು ಪ್ರಶ್ನೆ ಹೊತ್ತು ತಂದಿದ್ದ. ಆ ಪ್ರಶ್ನೆ ಎರಡು ಮನೆಗಳ ನಡುವಿನ ಗೋಡೆಗಿಂತ ದಪ್ಪವಾಗಿತ್ತು.

"ಒಂದು ಜಾಗ ತೋರ್ಸು ಅಂತೋಣಿ, ಒಂದೇ ಒಂದು," ಎನ್ನುತ್ತಿದ್ದ ಲಾಜರ್. "'ನಾನು ದೇವ್ರು' ಅಂತ ಯೇಸುಸ್ವಾಮಿ ತನ್ನ ಬಾಯಿಂದ ಹೇಳಿರೋದು ಎಲ್ಲೈತೆ?"

"ನಾನೂ ನಮ್ಮಪ್ಪನೂ ಒಂದೇ ಅಂದವ್ರಲ್ಲೋ. ಅದಕ್ಕಿಂತ ಇನ್ನೇನ್ ಬೇಕು ನಿಂಗೆ?"

"ಅಪ್ಪ ನನಗಿಂತ ದೊಡ್ಡೋನು ಅಂತಲೂ ಅಂದವ್ರೆ. ಅದನ್ನ ಯಾಕೆ ನುಂಗ್ತೀಯ?"

ನಂಜುಂಡಯ್ಯನವರ ಕಿವಿ ನೆಟ್ಟಗಾಯಿತು. ಅಪ್ಪ, ಮಗ, ಯಾರು ದೊಡ್ಡವರು, ಯಾರು ಏನಂದರು. ಇದು ಎಲ್ಲಿಂದ ನೋಡಿದರೂ ಪಾಲಿನ ವ್ಯಾಜ್ಯ. ಇಂಥದ್ದರಲ್ಲಿ ಅವರದು ಎತ್ತಿದ ಕೈ.

"ಇಬ್ರೂ ಸುಮ್ನಿರಿ, ನಾನು ಬಗೆಹರಿಸ್ತೀನಿ," ಎಂದು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

ಅಂತೋಣಪ್ಪನಿಗೆ ನಗು ಬಂತು. "ನಿಮಗೆ ಇದು ಹೆಂಗೆ ಬಗೆಹರಿತದೆ ನಂಜುಂಡಯ್ನೋರೆ? ಬೈಬಲ್ ಓದಿರೋ ನಮಗೇ ತಲೆ ಕೆಟ್ಟು ಕೆರ ಹಿಡಿದೈತೆ."

ಇಲ್ಲಿ ನಂಜುಂಡಯ್ಯನವರು ಬಾಯಿ ಮುಚ್ಚಿಕೊಂಡಿದ್ದರೆ ಹೇಳಲು ಕಥೆಯೇ ಇರುತ್ತಿರಲಿಲ್ಲ. "ಬೈಬಲ್ಲಾ?" ಎಂದರು. "ಹಾಸನದಲ್ಲಿ ಹೈಸ್ಕೂಲ್ ಓದೋವಾಗ್ಲೇ ಮುಗ್ಸಿದೀನಿ ಕಣ್ರೋ. ಅದೂ ಎರಡು ಸಲ."

ಹೈಸ್ಕೂಲಿನ ಕಾಲದಲ್ಲಿ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪುಕ್ಕಟೆಯಾಗಿ ಹಂಚುತ್ತಿದ್ದ ಅಂಗೈ ಅಗಲದ ಒಂದು ಪುಸ್ತಕ ಅವರ ಕೈಗೆ ಬಂದದ್ದು ನಿಜ. ಸೀಟು ಹಿಡಿಯಲು ಅದನ್ನು ಬಸ್ಸಿನ ಕಿಟಕಿಯಿಂದ ಒಳಗೆ ಹಾಕಿದ್ದೂ ನಿಜ. ಸೀಟು ಸಿಗಲಿಲ್ಲ. ಪುಸ್ತಕ ಅದೇ ಬಸ್ಸಿನಲ್ಲಿ ಬಿಸಿಲೆ ಘಾಟಿಗೆ ಹೋಯಿತು.

"ಹಂಗಾದ್ರೆ ಇವರೇ ಸರಿ," ಎಂದ ಲಾಜರ್. "ಇವರು ಚರ್ಚಿನೋರೂ ಅಲ್ಲ, ನಮ್ಮ ಗುಂಪಿನೋರೂ ಅಲ್ಲ. ಇವರು ಏನು ಹೇಳ್ತಾರೋ ಅದಕ್ಕೆ ನಾನು ಒಪ್ತೀನಿ."

"ನಾನೂ ಒಪ್ತೀನಿ," ಎಂದ ಅಂತೋಣಪ್ಪ. "ಆದ್ರೆ ಸರಿಯಾಗಿ ಓದಿ ಹೇಳ್ಬೇಕು."

ಎರಡು ಕಡೆಯವರೂ ತಾವಾಗಿ ಬಂದು ನ್ಯಾಯ ಕೇಳಿದ್ದು ನಂಜುಂಡಯ್ಯನವರ ಜೀವಮಾನದಲ್ಲೇ ಇರಲಿಲ್ಲ. ಅವರ ಎದೆ ಒಂದು ಗೇಣು ಉಬ್ಬಿತು. "ಮುಂದಿನ ಸಂತೆಗೆ ಬನ್ನಿ. ಇನ್ನೊಂದ್ಸಲ ಕಣ್ಣಾಡಿಸಿ ಹೇಳ್ಬುಡ್ತೀನಿ," ಎಂದರು. ಮಾರನೆಯ ದಿನವೇ ಅಂತೋಣಪ್ಪ ತನ್ನ ಬೈಬಲ್ ತಂದುಕೊಟ್ಟ. ಅವನು ಕೊಟ್ಟಿದ್ದು ತಿಳಿದು ಲಾಜರನೂ ತನ್ನದನ್ನು ತಂದುಕೊಟ್ಟ. ಒಂದರಲ್ಲಿ ಬೇಕಾದ ಮಾತಿನ ಕೆಳಗೆಲ್ಲ ಕೆಂಪು ಗೆರೆ, ಇನ್ನೊಂದರಲ್ಲಿ ಹಸಿರು ಗೆರೆ. ಪುಸ್ತಕ ಇಷ್ಟು ದಪ್ಪ ಇರುತ್ತದೆ ಎಂದು ನಂಜುಂಡಯ್ಯನವರಿಗೆ ಯಾರೂ ಹೇಳಿರಲಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವೊಂದಿತ್ತು. ಅವರ ಒಬ್ಬಳೇ ಮಗಳು ತನುಜಾಳನ್ನು ಮಗ್ಗೆಯ ಚನ್ನಬಸವಯ್ಯನವರ ಮಗ ಸಿದ್ದುವಿಗೆ ಕೊಡುವುದೆಂದು ಮಾತಾಗಿ, ಮುಂದಿನ ವಾರದ ಗುರುವಾರ ನಿಶ್ಚಿತಾರ್ಥ ಇಟ್ಟುಕೊಂಡಿದ್ದರು. ತನುಜಾ ಸುಮ್ಮನೆ ಒಪ್ಪುವ ಹುಡುಗಿಯಲ್ಲ. ಮೊದಲು ನೋಡಲು ಬಂದವರನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡಿಯೇ ಬೇಡವೆಂದಿದ್ದಳು. ಸಿದ್ದು ಬಂದ ದಿನ ಮಾತ್ರ ಯಾರೂ ಕೇಳದಿದ್ದರೂ ಎರಡನೇ ಸಲ ಕಾಫಿ ತಂದುಕೊಟ್ಟಿದ್ದಳು. ಅವಳ ತಾಯಿ ಪಂಕಜಾಕ್ಷಿಗೆ ಆಗಲೇ ವಿಷಯ ತಿಳಿದುಹೋಯಿತು.

ಮಗಳ ನಿಶ್ಚಿತಾರ್ಥದ ಸಾಮಾನಿನ ಚೀಟಿ ಬರೆಯಬೇಕಾದ ನಂಜುಂಡಯ್ಯನವರು ಅಂಗಡಿಯಲ್ಲಿ ಕೂತು ಎರಡು ಬೈಬಲ್ಲುಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಕೆಂಪು ಗೆರೆ ಓದಿದರೆ ಅಂತೋಣಪ್ಪನದು ಸರಿ ಅನ್ನಿಸುತ್ತಿತ್ತು. ಹಸಿರು ಗೆರೆ ಓದಿದರೆ ಲಾಜರನದು ಸರಿ. ಗೆರೆ ಇಲ್ಲದ ಕಡೆ ಓದಿದರೆ ಯಾರದು ಸರಿ ಎಂಬುದಿರಲಿ, ಪ್ರಶ್ನೆ ಏನಿತ್ತು ಎಂಬುದೇ ಮರೆತುಹೋಗುತ್ತಿತ್ತು. ಒಂದು ಕಡೆ ಆ ಮನುಷ್ಯ ನನ್ನನ್ನು ನೋಡಿದವನು ಅಪ್ಪನನ್ನೇ ನೋಡಿದ ಹಾಗೆ ಎನ್ನುತ್ತಾನೆ. ಇನ್ನೊಂದು ಕಡೆ ಯಾರೋ ಒಳ್ಳೆಯವನೇ ಎಂದು ಕರೆದರೆ, ನನ್ನನ್ನು ಯಾಕೆ ಒಳ್ಳೆಯವನು ಅಂತೀಯ, ಒಳ್ಳೆಯವನು ದೇವರೊಬ್ಬನೇ ಎಂದು ಅವನನ್ನೇ ಗದರುತ್ತಾನೆ. ಇಂಥ ಸಾಕ್ಷಿಯನ್ನು ನಂಜುಂಡಯ್ಯನವರು ಯಾವ ಬೇಲಿ ಜಗಳದಲ್ಲೂ ಕಂಡಿರಲಿಲ್ಲ.

ಕೊನೆಗೆ ಇದನ್ನು ಕಾನೂನು ಬಲ್ಲವರಲ್ಲೇ ಕೇಳಬೇಕೆಂದು ನಿರ್ಧರಿಸಿದರು. ಬುಧವಾರ ವಿಲೇಜ್ ಅಕೌಂಟೆಂಟ್ ರವಿಚಂದ್ರ ದನ ಕಟ್ಟುವ ಹಗ್ಗಕ್ಕೆ ಬಂದ. ಹೊಸಕೋಟೆಯ ಪಹಣಿಗಳ ಜೊತೆಗೆ ಸದ್ಯಕ್ಕೆ ಮಗ್ಗೆಯವೂ ಅವನ ಕೈಯಲ್ಲೇ ಇದ್ದವು.

"ಸಾಮಿ, ಒಂದು ವಿಷ್ಯ," ಎಂದು ನಂಜುಂಡಯ್ಯನವರು ದನಿ ತಗ್ಗಿಸಿದರು. "ಅಪ್ಪ ಬದುಕವ್ನೆ. ಮಗ ಬಂದು, ನಾನೂ ನಮ್ಮಪ್ಪನೂ ಒಂದೇ ಅಂತಾನೆ. ಖಾತೆ ಯಾರ್ದು ಅನ್ಬೇಕು?"

"ಜಂಟಿ ಖಾತೆ ಮಾಡ್ಸವ್ರಾ?"

"ಅದೇ ಗೊತ್ತಾಗ್ತಿಲ್ಲ. ಇನ್ನೊಂದ್ ಕಡೆ, ಅಪ್ಪ ನನಗಿಂತ ದೊಡ್ಡೋನು ಅಂತ ಅವನೇ ಒಪ್ಕಂತಾನೆ."

"ಹಂಗಾದ್ರೆ ಖಾತೆ ಅಪ್ಪಂದೇ. ಮಗ ಬರೀ ಉಳುಮೆ ಮಾಡ್ತಾವ್ನೆ."

"ಆದ್ರೆ ಎಲ್ಲಾ ಅಧಿಕಾರನೂ ಅಪ್ಪ ನಂಗೆ ಕೊಟ್ಬುಟ್ಟವ್ನೆ ಅಂತಾನಲ್ಲ."

"ಅದು ಪವರ್ ಆಫ್ ಅಟಾರ್ನಿ. ಪವರ್ ಕೊಟ್ಟ ಮಾತ್ರಕ್ಕೆ ಮಗ ಯಜಮಾನ ಆಗಲ್ಲ ಕಣ್ರೀ. ಅಪ್ಪ ತೀರ್ಕಂಡ್ಮೇಲೆ ಪೌತಿ ಖಾತೆ ಆಗ್ಬೇಕು."

"ಈ ಅಪ್ಪ ತೀರ್ಕಳೋ ಪೈಕಿ ಅಲ್ಲ."

"ಅಷ್ಟು ಗಟ್ಟಿಮುಟ್ಟಾಗವ್ರಾ? ಆಸ್ತಿ ಎಷ್ಟೈತೆ?"

ನಂಜುಂಡಯ್ಯನವರು ಪುಸ್ತಕದಲ್ಲಿ ಬೆರಳಿಟ್ಟು ನೋಡಿದರು. "ಭೂಮಿ ಪೂರ್ತಿ ಬರ್ತದೆ. ಆಕಾಶನೂ ಸೇರ್ಸವ್ರೆ."

ಇವರು ಹೆಸರು ಮುಚ್ಚಿಟ್ಟು ಒಗಟು ಹೇಳುತ್ತಿದ್ದಾರೆ ಎಂದು ರವಿಚಂದ್ರನಿಗೆ ಖಾತ್ರಿಯಾಯಿತು. ದೊಡ್ಡ ಆಸ್ತಿ, ಗಟ್ಟಿಮುಟ್ಟಾದ ಅಪ್ಪ, ಅಧಿಕಾರಕ್ಕೆ ಬರುತ್ತಿರುವ ಮಗ. ನಂಜುಂಡಯ್ಯನವರಿಗೆ ಸಂಬಂಧಪಟ್ಟ ಹಾಗೆ ಅಂಥವರು ಯಾರು? ಮಗ್ಗೆಯವರೇ ಇರಬೇಕು. ಹಗ್ಗ ಸುತ್ತಿಕೊಂಡು ಅವನು ಒಂದು ಥರಾ ನಗುತ್ತ ಹೊರಟುಹೋದ.

ಎದುರು ಮನೆಯ ರಾಮಮ್ಮನಿಗೆ ಒಗಟು ಬಿಡಿಸುವ ತಾಪತ್ರಯವಿರಲಿಲ್ಲ. ಅವಳು ಕುಡುಗೋಲು ಕೇಳಲು ಬಂದಾಗ ನಂಜುಂಡಯ್ಯನವರು ಕಣ್ಣು ಮುಚ್ಚಿ, "ಅಪ್ಪಾ, ನೀನು ದೊಡ್ಡೋನೋ, ಮಗ ದೊಡ್ಡೋನೋ?" ಎಂದು ಗೊಣಗುತ್ತಿದ್ದರು. ಅವಳನ್ನು ಕಂಡವರೇ ಎರಡು ಪುಸ್ತಕಗಳನ್ನೂ ಗೊಬ್ಬರದ ಚೀಲದ ಹಿಂದಕ್ಕೆ ತಳ್ಳಿದರು. ಎದುರಿಗೇ ಇಟ್ಟುಕೊಂಡಿದ್ದರೆ ರಾಮಮ್ಮ ಅವನ್ನು ಪಂಚಾಂಗವೆಂದುಕೊಂಡು ಹೋಗುತ್ತಿದ್ದಳು. ಬಚ್ಚಿಟ್ಟದ್ದರಿಂದ ಚೀಲದ ಹಿಂದೆ ಬಗ್ಗಿ ನೋಡಿದಳು.

ನಲ್ಲಿಯ ಹತ್ತಿರ ಅವಳು ಹೇಳಿದ್ದು, ನಂಜುಂಡಯ್ಯ ಬೈಬಲ್ ಓದುತ್ತಾರೆ ಎಂದಷ್ಟೆ. ಅದು ಹಾಲಿನ ಡೇರಿಗೆ ಹೋಗುವಾಗ ಮಂಡಿಯೂರಿ ಪ್ರಾರ್ಥನೆ ಮಾಡುತ್ತಾರೆ ಎಂದಾಗಿತ್ತು. ಸಂಜೆಯ ಬಸ್ಸಿನಲ್ಲಿ ಮಗ್ಗೆ ಮುಟ್ಟುವ ಹೊತ್ತಿಗೆ ನಂಜುಂಡಯ್ಯನವರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಎದ್ದು, ಜೋಸೆಫ್ ಎಂದು ಹೆಸರಿಟ್ಟುಕೊಂಡು, ಅಂಗಿ ಒದ್ದೆಯಾಗಿದ್ದರಿಂದ ನೆಗಡಿ ಹಿಡಿದು ಮಲಗಿದ್ದರು.

ಸುದ್ದಿ ತಿರುಗಿ ಹೊಸಕೋಟೆಗೇ ಬಂದಾಗ ಪಂಕಜಾಕ್ಷಿ ಗಂಡನ ಮುಂದೆ ಬಂದು ನಿಂತರು. "ಲಗ್ನಪತ್ರಿಕೆಲಿ ನಿಮ್ಮ ಹೆಸರು ಏನಂತ ಹಾಕ್ಸಣ? ನಂಜುಂಡಯ್ಯ ಅಂತಲೋ, ಜೋಸೆಫ್ ಅಂತಲೋ?"

"ಯಾವ ಜೋಸೆಫು?" ಎಂದ ನಂಜುಂಡಯ್ಯನವರು ಥಟ್ಟನೆ ಹಣೆ ಬಡಿದುಕೊಂಡರು. "ಹೌದಲ್ಲೇ. ಆ ಕಥೆಲಿ ಸಾಕಿದಪ್ಪ ಒಬ್ಬ ಬೇರೆ ಅವ್ನೆ, ಬಡಗಿ ಜೋಸೆಫು. ಅವನ್ನ ನಾನು ಲೆಕ್ಕಕ್ಕೇ ತಗೊಂಡಿಲ್ವಲ್ಲ. ಇದು ಇನ್ನೂ ತೊಡಕಾಯ್ತು."

ಪಂಕಜಾಕ್ಷಿ ಗೋಡೆ ಹಿಡಿದುಕೊಂಡರು.

ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಚನ್ನಬಸವಯ್ಯನವರೇ ಬಂದಿಳಿದರು. ಮಿತವಾಗಿ ಮಾತಾಡುವ, ಮೀಸೆ ಬೆಳ್ಳಗಾದ ದೊಡ್ಡ ಮನುಷ್ಯ. ಅವರು ಜಗುಲಿಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಪಂಕಜಾಕ್ಷಿ ಗಂಡನನ್ನು ಒಳಕ್ಕೆಳೆದುಕೊಂಡು ಹೋಗಿ, ಹಣೆ, ತೋಳು, ಕತ್ತು ಬಿಡದೆ ವಿಭೂತಿ ಬಳಿದು, ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲೆ ಕಾಣುವಂತೆ ಎಳೆದುಬಿಟ್ಟು ಈಚೆ ಕಳಿಸಿದರು. ಸುಣ್ಣ ಹೊಡೆದ ಗೋಡೆಯಂತೆ ಎದುರು ಬಂದ ಬೀಗರನ್ನು ಕಂಡು ಚನ್ನಬಸವಯ್ಯನವರ ಅನುಮಾನ ಇಮ್ಮಡಿಯಾಯಿತು. ಏನೂ ನಡೆಯದಿದ್ದರೆ ಮನುಷ್ಯ ಇಷ್ಟು ವಿಭೂತಿ ಯಾಕೆ ಬಳಿದುಕೊಳ್ಳುತ್ತಾನೆ?

ಊಟಕ್ಕೆ ಕೂತರು. ಅಕ್ಕಿ ರೊಟ್ಟಿ, ಕಳಲೆ ಪಲ್ಯ. ಮತದ ವಿಷಯವನ್ನು ನೇರವಾಗಿ ಹೇಗೆ ಕೇಳುವುದೆಂದು ಚನ್ನಬಸವಯ್ಯನವರು ಮಳೆ, ಕಾಫಿ ಹೂವು ಎಂದು ಸುತ್ತಿ ಬಳಸುತ್ತಿದ್ದರು. ನಂಜುಂಡಯ್ಯನವರಿಗೆ ಅದು ಯಾವುದೂ ಕೇಳಿಸುತ್ತಿರಲಿಲ್ಲ. ನಾಳೆಯೇ ಸಂತೆ, ನಾಳೆಯೇ ತೀರ್ಪು. ಎದುರಿಗೆ ತಿಳಿದ ಹಿರಿಯರು ಕೂತಿದ್ದಾರೆ, ಕೇಳಿದರೇನು?

"ಬೀಗ್ರೇ, ನೀವು ಲೋಕ ಕಂಡೋರು. ಒಂದು ಮಾತು ಹೇಳಿ. ಅಪ್ಪನೂ ಮಗನೂ ಒಂದೇನಾ, ಬೇರೆ ಬೇರೆನಾ?"

ರೊಟ್ಟಿ ಮುರಿಯುತ್ತಿದ್ದ ಚನ್ನಬಸವಯ್ಯನವರ ಕೈ ಅಲ್ಲೇ ನಿಂತಿತು. ಬೆಳಗ್ಗೆಯಷ್ಟೇ ರವಿಚಂದ್ರ ಅವರ ಮನೆಗೆ ಬಂದು, ನಿಮ್ಮ ಬೀಗರು ಅಪ್ಪ ಬದುಕಿರುವಾಗಲೇ ಮಗನಿಗೆ ಖಾತೆ ಆಗುತ್ತದೋ ಹೇಗೆ ಎಂದು ವಿಚಾರಿಸುತ್ತಿದ್ದರು ಎಂದು ಕಿವಿಯಲ್ಲಿ ಊದಿ ಹೋಗಿದ್ದ.

"ನಮ್ಮನೇಲಿ ಪಾಲಾಗಿಲ್ಲ," ಎಂದರು ಅವರು. "ನಾವು ಒಂದೇ."

"ಒಂದೇ ಅಂದ್ರೆ ಮಗನೂ ಯಜಮಾನನೇ ಅಂದಂಗಾಯ್ತಲ್ಲ?"

"ಯಜಮಾನ ನಾನು. ಅವನು ಮಗ."

"ಅಲ್ಲೇ ಇರೋದು ತೊಡಕು. ನಾನೇ ಯಜಮಾನ ಅಂತ ಮಗ ಬಾಯಿಬಿಟ್ಟು ಹೇಳವ್ನಾ, ಇಲ್ವಾ?"

ಚನ್ನಬಸವಯ್ಯನವರ ಮುಖ ಬಿಳಿಚಿಕೊಂಡಿತು. "ಹೇಳವ್ನಾ?"

"ಕೆಲವರು ಹೇಳವ್ನೆ ಅಂತಾರೆ. ಕೆಲವರು ಎಲ್ಲೂ ಹೇಳಿಲ್ಲ ಅಂತಾರೆ. ಒಂದು ವಾರದಿಂದ ನಮ್ಮೂರಲ್ಲಿ ಇದೇ ಜಗಳ ನೋಡಿ."

ಊರು ಎಂದರೆ ಬೆಂಚಿನ ಮೇಲೆ ಕೂತ ಇಬ್ಬರು ಎಂದು ಚನ್ನಬಸವಯ್ಯನವರಿಗೆ ಹೇಗೆ ತಿಳಿಯಬೇಕು? ತಮ್ಮ ಮನೆಯ ಯಜಮಾನಿಕೆಯ ಬಗ್ಗೆ ಹೊಸಕೋಟೆಯ ಬೀದಿ ಬೀದಿಯಲ್ಲಿ ಪಂಚಾಯ್ತಿ ನಡೆಯುತ್ತಿದೆ, ಮದುವೆಗೆ ಮುಂಚೆಯೇ ಈ ಮನೆಯವರು ಸಿದ್ದುವಿನ ಕಿವಿ ಕಚ್ಚಿದ್ದಾರೆ ಎಂದು ಅವರು ತಿಳಿದರು. ಒಬ್ಬನೇ ಮಗ. ತಾಯಿಯಿಲ್ಲದ ಅವನನ್ನು ಹೆಗಲ ಮೇಲೆ ಹೊತ್ತು ತೋಟ ಸುತ್ತಿ ಬೆಳೆಸಿದ್ದರು. ಅವರಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಎಲೆಯ ಮುಂದಿನಿಂದ ಎದ್ದು ಕೈತೊಳೆದರು.

"ನಿಮ್ಮ ದೇವ್ರು ಯಾರೋ ನನಗೆ ತಿಳೀತಿಲ್ಲ. ನನ್ನ ಮಗ ಏನಂದನೋ ಅದೂ ತಿಳೀತಿಲ್ಲ," ಎಂದರು ಜಗುಲಿಯಲ್ಲಿ ನಿಂತು. "ಮಂಗಳವಾರ ಗುಡ್ಡದಮ್ಮನ ಹತ್ರ ಬನ್ನಿ. ನೀವೇ ನಿಂತು ಹೂ ಕೇಳಿ. ಅಮ್ಮ ಬಲಕ್ಕೆ ಕೊಟ್ರೆ ಗುರುವಾರ ನಿಶ್ಚಿತಾರ್ಥ. ಎಡಕ್ಕೆ ಕೊಟ್ರೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ."

ಆ ಸೀಮೆಯಲ್ಲಿ ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಅಮ್ಮನಲ್ಲಿ ಹೂ ಕೇಳದೆ ಯಾರೂ ಮುಂದುವರಿಯುತ್ತಿರಲಿಲ್ಲ. ಪೂಜಾರಿ ನೀರಿನಲ್ಲಿ ಅದ್ದಿದ ಹೂವನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾನೆ. ಕೇಳುವವನು ಪ್ರಶ್ನೆಯನ್ನು ಮನಸ್ಸಿನಲ್ಲೇ ನೆನೆಯಬೇಕು, ಬಾಯಿ ಬಿಡಕೂಡದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅಪೀಲಿಲ್ಲ.

ಬೀಗರು ಹೋದ ಮೇಲೆ ತನುಜಾ ಅಪ್ಪನ ಪಕ್ಕ ಬಂದು ಕೂತಳು.

"ಅಪ್ಪ, ಅಮ್ಮನ ಮುಂದೆ ನಿಂತಾಗ ನನ್ನ ಮದ್ವೆ ಒಂದನ್ನೇ ನೆನ್ಸ್ಕ. ಆ ಪುಸ್ತಕದ್ದು ತರ್ಬೇಡ."

"ತರಲ್ಲ ಕಣವ್ವ."

"ಅವರನ್ನ ಬಿಟ್ಟು ನಾನು ಬೇರೆ ಯಾರನ್ನೂ ಆಗಲ್ಲ. ಅದೂ ನೆನಪಿರ್ಲಿ," ಎಂದಳು. ಎಂದೂ ಅಳದ ಮಗಳ ಕಣ್ಣಲ್ಲಿ ನೀರು ಕಂಡು ನಂಜುಂಡಯ್ಯನವರು ಹೆಗಲ ಟವೆಲ್ಲು ತೆಗೆದು ಅವಳ ಕೈಗೆ ಕೊಟ್ಟರು. ಎಲ್ಲಿ ಏನು ತಪ್ಪಿತು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಭಾನುವಾರ ಅಂತೋಣಪ್ಪ, ಲಾಜರ್ ಬಂದು ತೀರ್ಪು ಕೇಳಿದರು. "ಮಂಗಳವಾರ ಕಳೀಲಿ ಕಣ್ರಪ್ಪ. ಅವತ್ತು ಗುಡ್ಡದಮ್ಮನ ಹತ್ರ ಹೂ ಕೇಳೋದೈತೆ," ಎಂದರು ನಂಜುಂಡಯ್ಯನವರು. ತಮಗೆ ಬಿಡುವಿಲ್ಲ ಎಂಬುದು ಅವರ ಮಾತಿನ ಅರ್ಥ. ಆ ಇಬ್ಬರು ಮುಖ ಮುಖ ನೋಡಿಕೊಂಡರು.

"ನಮ್ಮ ವಿಷ್ಯನ ನಿಮ್ಮಮ್ಮನ ಹತ್ರ ಕೇಳ್ತೀರಾ?" ಎಂದ ಲಾಜರ್.

"ಇರ್ಲಿ ಬಿಡೋ," ಎಂದ ಅಂತೋಣಪ್ಪ. "ಅಪ್ಪ ಮಗನ ಸಂಗ್ತಿ ತಾಯಿಗೆ ಗೊತ್ತಿರೋವಷ್ಟು ಇನ್ಯಾರಿಗೆ ಗೊತ್ತಿರ್ತದೆ?"

ಮಂಗಳವಾರ ಗುಡ್ಡದ ಮೇಲೆ ಸಂತೆಯೇ ಸೇರಿತ್ತು. ಪಂಕಜಾಕ್ಷಿ ತನುಜಾಳ ಕೈ ಹಿಡಿದು ಗುಡಿಯ ಬಾಗಿಲಲ್ಲಿ ನಿಂತಿದ್ದರು. ಚನ್ನಬಸವಯ್ಯನವರು ಕಂಬಕ್ಕೆ ಒರಗಿದ್ದರು. ಜೀಪು ಓಡಿಸಿಕೊಂಡು ಬಂದಿದ್ದ ಸಿದ್ದು ಅಪ್ಪನಿಂದ ನಾಲ್ಕು ಮಾರು ದೂರ ನಿಂತಿದ್ದ. ಶನಿವಾರದಿಂದ ಅಪ್ಪ ಯಾಕೆ ತನ್ನೊಂದಿಗೆ ಮಾತಾಡುತ್ತಿಲ್ಲ ಎಂದು ಆ ಹುಡುಗನಿಗೆ ತಿಳಿಯದು. ಮತ ಬಿಟ್ಟು ಹೋಗಲು ನಂಜುಂಡಯ್ಯ ಅಮ್ಮನ ಅಪ್ಪಣೆ ಕೇಳುತ್ತಾರಂತೆ ಎಂದು ರಾಮಮ್ಮ ಸಾರಿದ್ದರಿಂದ ಅರ್ಧ ಊರು ಬಂದಿತ್ತು. ಅಂತೋಣಪ್ಪನೂ ಲಾಜರನೂ ಚಪ್ಪಲಿ ಬಿಟ್ಟು, ಗುಡಿಯ ಹೊರಗಿನ ಗೋಡೆಯ ಮೇಲೆ ಭಕ್ತಿಯಿಂದ ಕೂತಿದ್ದರು.

ಪೂಜಾರಿ ಬೋರಯ್ಯ ಅಮ್ಮನ ಎರಡು ಭುಜಕ್ಕೆ ಕಣಗಿಲೆ ಹೂ ಅಂಟಿಸಿ, ಮಂಗಳಾರತಿ ಎತ್ತಿ, "ಮನ್ಸಲ್ಲಿ ನೆನ್ಸ್ಕಳಿ," ಎಂದ.

ನಂಜುಂಡಯ್ಯನವರು ಕಣ್ಣು ಮುಚ್ಚಿ ಕೈಮುಗಿದರು. ತಾಯಿ, ನನ್ನ ಮಗಳು ತನುಜಾಳನ್ನು ಚನ್ನಬಸವಯ್ಯನವರ ಮಗನಿಗೆ ಎಂದು ಶುರು ಮಾಡಿದರು. ಮಗನಿಗೆ ಎಂದಕೂಡಲೇ ಮನಸ್ಸು ಜಾರಿತು. ಮಗ ಎಂದರೆ ಅಪ್ಪ, ಅಪ್ಪ ಎಂದರೆ ಖಾತೆ, ಖಾತೆ ಎಂದರೆ ಆ ಬಡಗಿ. ಬೇಡ ಬೇಡ ಎಂದು ತಲೆ ಕೊಡವಿಕೊಂಡು ಮತ್ತೆ ಮೊದಲಿಂದ ಹಿಡಿದರು. ತಾಯಿ, ಚನ್ನಬಸವಯ್ಯನವರ ಮಗ, ಆ ಮಗನೂ ಅಪ್ಪನೂ ಒಂದೇನಾ?

ಬಲಗಡೆಯ ಹೂ ಉದುರಿ ಬಿತ್ತು.

ಗುಡಿಯಲ್ಲಿ ಗದ್ದಲವೆದ್ದಿತು. ಪಂಕಜಾಕ್ಷಿ ಗಲ್ಲ ಗಲ್ಲ ಬಡಿದುಕೊಂಡರು. "ನೋಡ್ರವ್ವ, ಹೋಗು ಅಂತ ಅಮ್ಮನೇ ಬಿಟ್ಟುಕೊಟ್ಟಳು," ಎಂದು ರಾಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊರಗಿನ ಗೋಡೆಯ ಮೇಲೆ ಅಂತೋಣಪ್ಪ ಲಾಜರನ ತೊಡೆಗೆ ಬಡಿದು, "ಹೇಳವ್ರೆ ಅಂತಲೇ ಆಯ್ತು ನೋಡು," ಎಂದ.

"ಇರು ಮಾರಾಯ. ಪ್ರಶ್ನೆ ಹೆಂಗೆ ಕೇಳಿದ್ರು ಅನ್ನೋದು ಗೊತ್ತಾಗ್ಲಿ," ಎಂದ ಲಾಜರ್. "ಅವರು ಹೇಳಿಲ್ಲ ಅಲ್ವೇನಮ್ಮ ಅಂತ ಕೇಳಿದ್ರೆ, ಹೌದು ಅಂದ್ರೆ ಹೇಳಿಲ್ಲ ಅಂತಲೇ."

ಎಲ್ಲರ ಕಣ್ಣೂ ನಂಜುಂಡಯ್ಯನವರ ಮೇಲೆ ತಿರುಗಿತು. ಚನ್ನಬಸವಯ್ಯನವರು ಹತ್ತಿರ ಬಂದರು. "ಏನ್ ಕೇಳಿದ್ರಿ ಬೀಗ್ರೇ? ಅಮ್ಮನ ಮುಂದೆ ಇದೀರಿ, ಇದ್ದದ್ದು ಹೇಳಿ."

ಸುಳ್ಳು ಹೇಳಿ ಪಾರಾಗುವುದು ಸುಲಭವಿತ್ತು. ಆದರೆ ಎದುರಿಗೆ ಅಮ್ಮ ಇನ್ನೊಂದು ಹೂ ಭುಜದ ಮೇಲಿಟ್ಟುಕೊಂಡು ನೋಡುತ್ತಿದ್ದಳು. ನಂಜುಂಡಯ್ಯನವರು ಮುಗಿದ ಕೈ ಬಿಡದೆ ಹೇಳಿದರು. "ನಾನು ಮದ್ವೆ ಅಂತಲೇ ಶುರು ಮಾಡ್ದೆ ಬೀಗ್ರೇ. ಮಧ್ಯದಲ್ಲಿ ಅಪ್ಪ ಮಗ ಬಂದ್ಬುಟ್ರು. ಇಬ್ರೂ ಒಂದೇನಾ ಅಂತ ಕೇಳ್ಬುಟ್ಟೆ."

"ನನ್ನ ಮದ್ವೆ ವಿಷ್ಯ ಕೊನೆಗೂ ಯಾರೂ ಕೇಳ್ಲೇ ಇಲ್ವಾ?" ಎಂದಳು ತನುಜಾ ಬಾಗಿಲಿನಿಂದ.

ಚನ್ನಬಸವಯ್ಯನವರಿಗೆ ಅವಳ ಮಾತು ಕೇಳಿಸಲಿಲ್ಲ. ಅವರು ಕೆಳಗೆ ಬಿದ್ದ ಹೂವನ್ನೇ ನೋಡುತ್ತಿದ್ದರು. "ಅಪ್ಪ ಮಗ ಒಂದೇನಾ ಅಂತ ಕೇಳಿದ್ದಕ್ಕೆ ಅಮ್ಮ ಬಲಕ್ಕೆ ಕೊಟ್ಲಾ?" ಎಂದು ಮೆಲ್ಲಗೆ ಕೇಳಿದರು.

"ಬಲಕ್ಕೇ ಕೊಟ್ಲಲ್ಲ, ಎಲ್ರೂ ನೋಡವ್ರೆ," ಎಂದ ಬೋರಯ್ಯ. ಆಮೇಲೆ ರಾಮಮ್ಮನ ಕಡೆ ತಿರುಗಿ, "ಬೇರೆ ಮನೆ ಸೇರಿದೋನಿಗೆ ಅಮ್ಮ ಯಾಕೆ ಉತ್ತರ ಕೊಡ್ತಾಳೆ? ಸುಮ್ನೆ ಊರು ಕೆಡಿಸ್ಬೇಡ ಕಣಮ್ಮ," ಎಂದು ಗದರಿದ. ಅಮ್ಮನ ಪೂಜಾರಿಯೇ ಹೇಳಿದ ಮೇಲೆ ನಂಜುಂಡಯ್ಯನವರು ಮತ್ತೆ ನಂಜುಂಡಯ್ಯನವರೇ ಆದರು. ನೋಡಲು ಇನ್ನೇನೂ ಉಳಿಯದೆ ಅರ್ಧ ಊರು ಗುಡ್ಡ ಇಳಿಯತೊಡಗಿತು.

ಚನ್ನಬಸವಯ್ಯನವರು ಸಿದ್ದುವಿನ ಹತ್ತಿರ ನಡೆದು ಹೋದರು.

"ನಾನೇ ಯಜಮಾನ ಅಂತ ಎಲ್ಲಾದ್ರೂ, ಯಾರ ಹತ್ರನಾದ್ರೂ ಅಂದಿದೀಯೇನೋ?"

ಸಿದ್ದು ಕಕ್ಕಾಬಿಕ್ಕಿಯಾದ. "ಯಾವತ್ತೂ ಅಂದಿಲ್ಲ ಕಣಪ್ಪ. ಮೇಲಿನ ತೋಟಕ್ಕೆ ಮೆಣಸು ಹಾಕಣ ಅಂತ ಒಂದ್ಸಲ ಅಂದೆ. ನೀನು ಬ್ಯಾಡ ಅಂದೆ. ಸುಮ್ನಾದೆ. ಅಷ್ಟು ಬಿಟ್ರೆ ನಾನು ಏನೂ ಅಂದಿಲ್ಲ."

ಚನ್ನಬಸವಯ್ಯನವರ ಬಿಳಿ ಮೀಸೆ ಅದುರಿತು. ಕಣ್ಣಿಂದ ನೀರು ಇಳಿದು ಬಂದರೂ ಅವರು ಒರೆಸಿಕೊಳ್ಳಲಿಲ್ಲ.

"ಅನ್ಬೇಕೇನೋ?" ಎಂದರು. "ನಂದು ಅನ್ನೋದು ಏನೈತೆ, ನಿಂದಲ್ಲದ್ದು? ಮಗ ಆದ್ಮೇಲೆ ಅದನ್ನ ಬಾಯಿಬಿಟ್ಟು ಬೇರೆ ಅನ್ಬೇಕೇನೋ? ಹಾಕು ಹೋಗು ಮೆಣಸು." ಹಾಗೆಯೇ ತಲೆ ತಿರುಗಿಸದೆ, "ಬೀಗ್ರೇ, ಗುರುವಾರಕ್ಕೆ ತಯಾರಿ ಮಾಡ್ಕಳಿ," ಎಂದು ಕೂಗಿ, ಮಗನ ಹೆಗಲ ಮೇಲೆ ಕೈಯಿಟ್ಟು ಅವನನ್ನು ಒಂದು ಕಡೆಗೆ ಕರೆದುಕೊಂಡು ಹೋದರು. ತನುಜಾ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

ನಂಜುಂಡಯ್ಯನವರು ಹೊರಗೆ ಬಂದು ಗೋಡೆಯ ಮೇಲೆ ಕುಸಿದು ಕೂತರು. ಪಕ್ಕದಲ್ಲಿ ಲಾಜರ್ ಅಂತೋಣಪ್ಪನನ್ನು ತಿವಿಯುತ್ತಿದ್ದ.

"ಕೇಳ್ದೇನೋ? ಮಗ ತಾನಾಗಿ ಯಾವತ್ತೂ ಅಂದಿಲ್ವಂತೆ."

"ಅದಕ್ಕೆ ಅಪ್ಪ ಏನಂದ್ರು, ಅದು ಕೇಳಿಸ್ಲಿಲ್ವಾ ನಿನ್ನ ಕಿವಿಗೆ?"

"ಅಪ್ಪ ಅನ್ನೋದು ಬೇರೆ, ಮಗ ಅನ್ನೋದು ಬೇರೆ ಕಣೋ."

"ಎಲ್ಲಿ ಬೇರೆ? ಒಂದೇ ಅಂತ ಈಗ ತಾನೆ ಹೂ ಬಿತ್ತಲ್ಲ. ನಂಜುಂಡಯ್ನೋರೆ, ನೀವೇ ಹೇಳ್ಬುಡಿ."

ನಂಜುಂಡಯ್ಯನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಚೆ ಹುಣಸೆ ಮರದ ಕೆಳಗೆ ಚನ್ನಬಸವಯ್ಯನವರು ಏನೋ ಹೇಳುತ್ತಿದ್ದರು, ಸಿದ್ದು ತಲೆ ತಗ್ಗಿಸಿ ಕೇಳುತ್ತಿದ್ದ. ಏನು ಮಾತೆಂದು ಇಲ್ಲಿಗೆ ಕೇಳಿಸುತ್ತಿರಲಿಲ್ಲ.

"ಮೆಲ್ಲಗೆ ಕಣ್ರೋ," ಎಂದರು ನಂಜುಂಡಯ್ಯನವರು. "ಅಪ್ಪ ಮಗ ಮಾತಾಡ್ಕಂತಾವ್ರೆ. ಮಧ್ಯದಲ್ಲಿ ನಮ್ದೇನೈತೆ?"